ಬಂದೀತು ಎನ್ನುವ ಕಾಲವೂ ಬೀದರಿನ ಸುರಂಗವೂ

ಕನ್ನಡದ ಕ್ರಿಯಾಪದಕ್ಕೆ ಒಂದು ಸೌಕರ್ಯವಿದೆ. ‘ಮಳೆ ಬರುತ್ತದೆ’ ಎಂದರೆ ನಿಶ್ಚಯ. ‘ಬರಲಿ’ ಎಂದರೆ ಹಾರೈಕೆ. ‘ಬಂದೀತು’ ಎಂದರೆ ಎರಡೂ ಅಲ್ಲ. ವೈಯಾಕರಣರು ಇದನ್ನು ಸಂಭಾವನಾರ್ಥಕ ರೂಪವೆಂದು ಕರೆದರು. ಹೆಸರು ಭಾರವಾದರೂ ಬಳಕೆ ಮನೆಮನೆಯದು. ಮೃಗಶಿರೆಯ ಮೋಡವನ್ನು ಕಂಡು ರೈತನು ‘ಬಂದೀತು’ ಎಂದಾಗ ಆ ಒಂದು ಮಾತಿನ ಹಿಂದೆ ಗಾಳಿಯ ದಿಕ್ಕು, ನೆಲದ ಕಾವು, ಕಳೆದ ಇಪ್ಪತ್ತು ಮುಂಗಾರುಗಳ ನೆನಪು ಇವೆಲ್ಲ ಸೇರಿರುತ್ತವೆ. ಅವನು ಜೋಯಿಸನಂತೆ ಭವಿಷ್ಯ ನುಡಿಯುತ್ತಿಲ್ಲ. ಹಿಂದಿನದನ್ನು ಹಿಡಿದು ಮುಂದಿನದನ್ನು ಅಳೆಯುತ್ತಿದ್ದಾನೆ.

ಸಾವಿರ, ಹತ್ತು ಸಾವಿರ ವರ್ಷಗಳಾಚೆಯ ಯಂತ್ರಲೋಕವನ್ನು ವರ್ಣಿಸುವ ವೈಜ್ಞಾನಿಕ ಕಥೆಗಳೂ ಈ ‘ಬಂದೀತು’ವಿನ ಸಂತಾನವೇ. ಅವು ಈಗ ಬಿಡಿ ಕಥೆಗಳಾಗಿ ಉಳಿದಿಲ್ಲ. ಒಂದು ಕಾದಂಬರಿಯೋ ಚಲನಚಿತ್ರವೋ ಜನಪ್ರಿಯವಾಯಿತೆಂದರೆ ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ಆಮೇಲೆ ದೂರದರ್ಶನ ಮಾಲೆ, ಚಿತ್ರಪುಸ್ತಕ, ಆಟಿಕೆ, ಕಂಪ್ಯೂಟರಿನ ಆಟ. ಬರೆಯುವವರು ಬದಲಾಗುತ್ತಾರೆ, ಕಥಾಲೋಕ ಮುಂದುವರಿಯುತ್ತದೆ. ಅಮೆರಿಕದ ಐಸಾಕ್ ಆಸಿಮೋವ್ 1940ರ ದಶಕದಲ್ಲಿ ಪತ್ರಿಕೆಗೆ ಬರೆದು 1951ರಲ್ಲಿ ಪುಸ್ತಕವಾದ ‘ಫೌಂಡೇಶನ್’, ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’, 1966ರಲ್ಲಿ ದೂರದರ್ಶನದಲ್ಲಿ ತೊಡಗಿದ ‘ಸ್ಟಾರ್ ಟ್ರೆಕ್’, 1977ರ ಚಲನಚಿತ್ರ ‘ಸ್ಟಾರ್ ವಾರ್ಸ್’, 1987ರಲ್ಲಿ ಇಂಗ್ಲೆಂಡಿನ ಮೇಜಿನಾಟವೊಂದರಿಂದ ಹುಟ್ಟಿದ ‘ವಾರ್‌ಹ್ಯಾಮರ್ 40,000’ ಇವು ಆ ಬಗೆಯ ಐದು ದೊಡ್ಡ ವಂಶಗಳು. ನಮ್ಮ ಮನೆಯ ಹುಡುಗರಿಗೆ ಇವುಗಳ ರಾಜರು, ಸೇನಾನಿಗಳು, ಹಡಗುಗಳ ಹೆಸರು ಕಂಠಪಾಠ. ವಿಷ್ಣುವರ್ಧನನ ಹೆಸರನ್ನು ಕೇಳಿದರೆ ನಟನನ್ನು ತೋರಿಸಿಯಾರು.

ಇಂಥ ಕಥೆಗಳಲ್ಲಿ ಬರುವ ದೂರಕಾಲದ ಪ್ರಗತಿ ನಂಬಲು ತಕ್ಕದ್ದೆ? ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಭೌತವಿಜ್ಞಾನದವರಿಗೆ ಒಪ್ಪಿಸುವುದು ರೂಢಿ. ಬೆಳಕಿಗಿಂತ ವೇಗವಾಗಿ ಹೋಗಲಾದೀತೆ, ಮನುಷ್ಯನನ್ನು ಕಣಕಣವಾಗಿ ಬಿಡಿಸಿ ಬೇರೆಡೆ ಕೂಡಿಸಲಾದೀತೆ ಎಂದು ಅವರು ಲೆಕ್ಕ ಹಾಕಿ ತಲೆಯಾಡಿಸುತ್ತಾರೆ. ಆದರೆ ಯಂತ್ರ ಸಾಧ್ಯವೇ ಎಂಬುದು ಒಂದು ಮಾತು. ಸಾಧ್ಯವಾದ ಯಂತ್ರ ಜನರ ನಡುವೆ ಹೇಗೆ ಬದುಕುತ್ತದೆ, ಯಾರು ಅದನ್ನು ನೋಡಿಕೊಳ್ಳುತ್ತಾರೆ, ಯಾವಾಗ ಮರೆಯುತ್ತಾರೆ ಎಂಬುದು ಇನ್ನೊಂದು ಮಾತು. ಎರಡನೆಯದಕ್ಕೆ ಭೌತವಿಜ್ಞಾನದಲ್ಲಿ ಉತ್ತರವಿಲ್ಲ. ಬರಲಿರುವ ಕಾಲಕ್ಕೆ ಸಾಕ್ಷಿ ಹೇಳುವವರು ಯಾರೂ ಇಲ್ಲವಾದ್ದರಿಂದ ಕಳೆದ ಕಾಲವನ್ನೇ ಕಟಕಟೆಗೆ ಕರೆಯಬೇಕು.

ಹಾಗೆ ಕರೆಯುವುದಕ್ಕೆ ರೋಮ್, ಲಂಡನ್ನುಗಳೇ ಆಗಬೇಕೆಂದಿಲ್ಲ. ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರನ್ನೂ ಅದರ ಮಗ್ಗುಲಿನ ಕಮಠಾಣವನ್ನೂ ತೆಗೆದುಕೊಳ್ಳೋಣ. ಕಮಠಾಣದಲ್ಲಿ ಹಳೆಯದೊಂದು ಪಾರ್ಶ್ವನಾಥ ಬಸದಿಯಿದೆ, ದೊಡ್ಡದೊಂದು ಕೆರೆಯಿದೆ. ಬೀದರು ವಾಯುಸೇನೆಯ ನೆಲೆ. ಯುದ್ಧವಿಮಾನ ನಡೆಸುವ ತರುಣರಿಗೆ ತರಬೇತು ಕೊಡುವ ಸ್ಥಳ. ‘ಸೂರ್ಯಕಿರಣ’ ತಂಡ 1996ರಲ್ಲಿ ರೂಪುಗೊಂಡದ್ದು ಇಲ್ಲಿಯೇ. ಹೀಗಾಗಿ ಈ ಸೀಮೆಯಲ್ಲಿ ತಲೆಯ ಮೇಲೆ ಹಾಕ್ ಜೆಟ್ ವಿಮಾನ, ಕಾಲ ಕೆಳಗೆ ಎತ್ತಿನ ಕುಂಟೆ, ಕಣ್ಣೆದುರಿಗೆ ಐದು-ಆರು ಶತಮಾನದ ಕೋಟೆ ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುತ್ತವೆ. ಕಥಾಲೋಕಗಳಲ್ಲಿ ಇಂಥ ಕಲಬೆರಕೆ ಅಪರೂಪ. ಅಲ್ಲಿ ಮೂರು ಸಾವಿರದ ಇಸವಿ ಎಂದರೆ ಬಾಗಿಲ ಚಿಲಕದಿಂದ ಹಿಡಿದು ಊಟದ ತಟ್ಟೆಯವರೆಗೆ ಎಲ್ಲವೂ ಮೂರು ಸಾವಿರದ ಇಸವಿಯದೇ. ಮನುಷ್ಯರ ಮನೆ ಎಂದೂ ಹಾಗಿದ್ದದ್ದಿಲ್ಲ. ಅಜ್ಜಿಯ ಒರಳುಕಲ್ಲನ್ನು ಹೊರಗೆ ಹಾಕದೆಯೇ ವಿದ್ಯುತ್ತಿನ ರುಬ್ಬುಯಂತ್ರವನ್ನು ಒಳಗೆ ತಂದವರು ನಾವು.

ಒಂದು ಲೆಕ್ಕ ಮಾಡಿ ನೋಡಬಹುದು. ಬಹಮನಿ ಅರಸ ಅಹಮದ ಶಾಹ ಕಲಬುರ್ಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದದ್ದು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ. ಪಾರಸಿಕ ದೇಶದ ಗಿಲಾನಿನಿಂದ ಬಂದು ಇಲ್ಲಿ ಮಂತ್ರಿಯಾದ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿ ಮುಗಿಸಿದ ಮದರಸಾದಲ್ಲಿ ಮೂರು ಅಂತಸ್ತು, ಬಣ್ಣದ ಹೊಳಪಿನ ಹೆಂಚುಗಳ ಗೋಡೆ, ಸುಮಾರು ಮೂರು ಸಾವಿರ ಹಸ್ತಪ್ರತಿಗಳ ಭಂಡಾರ. ಅಲ್ಲಿನ ಬುದ್ಧಿವಂತ ವಿದ್ಯಾರ್ಥಿಯೊಬ್ಬನನ್ನು ‘ಐನೂರೈವತ್ತು ವರ್ಷಗಳ ಮೇಲೆ ಬೀದರು ಹೇಗಿದ್ದೀತು?’ ಎಂದು ಕೇಳಿದ್ದರೆ ಏನು ಹೇಳಿಯಾನು? ಮಿನಾರು ಇನ್ನೂ ಎತ್ತರವಾದೀತು, ತೋಪು ಇನ್ನೂ ದೊಡ್ಡದಾದೀತು, ಭಂಡಾರದಲ್ಲಿ ಮೂರು ಲಕ್ಷ ಪ್ರತಿಗಳಾದಾವು ಎಂದಾನು. ಇದ್ದದ್ದನ್ನೇ ಹಿಗ್ಗಿಸುವುದು ಮನುಷ್ಯನ ಊಹೆಯ ಮೊದಲ ಚಾಳಿ. ಸ್ಟಾರ್ ವಾರ್ಸಿನ ಬೃಹತ್ ನೌಕೆಗಳು, ಗ್ರಹವನ್ನೇ ಒಡೆಯುವ ತೋಪು, ಇಡೀ ಗ್ರಹವನ್ನು ಮುಚ್ಚಿದ ನಗರ ಇವೆಲ್ಲ ಈ ಹಿಗ್ಗಿಸುವಿಕೆಯ ಫಲಗಳೇ.

ನಡೆದದ್ದು ಬೇರೆ. ಗವಾನನನ್ನು ಪಿತೂರಿಯ ಮಾತಿಗೆ ಕಿವಿಗೊಟ್ಟ ಸುಲ್ತಾನನು 1481ರಲ್ಲಿ ಕೊಲ್ಲಿಸಿದ. ರಾಜ್ಯ ಒಡೆದು ಐದಾಯಿತು. 1657ರಲ್ಲಿ ಔರಂಗಜೇಬನು ಬೀದರನ್ನು ಹಿಡಿದ ಮೇಲೆ ಮದರಸಾ ಮೊಗಲ ಸೈನ್ಯದ ಕೈಗೆ ಹೋಗಿ, ಅದರ ಒಂದು ಭಾಗದಲ್ಲಿ ಮದ್ದುಗುಂಡು ಇಟ್ಟರು. 1696ರಲ್ಲಿ ಆ ಮದ್ದು ಸಿಡಿದು ಕಟ್ಟಡದ ಮುಂಭಾಗದ ಬಹುಪಾಲೂ ಒಂದು ಮಿನಾರೂ ಹಾರಿಹೋದವು. ಒಂದು ಕಾಲದ ಅತ್ಯಂತ ಹೊಸ ವಿದ್ಯೆಯಾದ ಮದ್ದು ಅದೇ ಕಾಲದ ಅತ್ಯಂತ ಹಿರಿಯ ವಿದ್ಯಾಶಾಲೆಯನ್ನು ಕೆಡವಿತು. ಇಂದು ಉಳಿದಿರುವ ಒಂಟಿ ಮಿನಾರನ್ನು ನೋಡಿದವರಿಗೆ ಪ್ರಗತಿಯೆಂಬುದು ಮೆಟ್ಟಿಲು ಮೆಟ್ಟಿಲಾಗಿ ಏರುವ ಸಂಗತಿ ಎಂದು ಒಪ್ಪಿಸುವುದು ಸುಲಭವಲ್ಲ. ಮೇಲಾಗಿ, ಆ ವಿದ್ಯಾರ್ಥಿಗೆ ಹೊಳೆಯಲಾರದಿದ್ದ ಸಂಗತಿಗಳೇ ಹೆಚ್ಚು. ವಿದ್ಯುತ್ತು ಹಾಗಿರಲಿ, ಭಾಲ್ಕಿ, ಔರಾದ ಕಡೆಯ ಎರೆಹೊಲಗಳಲ್ಲಿ ಜೋಳ, ತೊಗರಿಗಳ ಮಗ್ಗುಲಲ್ಲಿ ಪೂರ್ವ ಏಷ್ಯದ ಸೋಯಾ ಅವರೆ ಎಕರೆಗಟ್ಟಲೆ ಬೆಳೆದೀತೆಂದು 1472ರವನಿರಲಿ, 1960ರ ಕಥೆಗಾರನೂ ಹೇಳಿದ್ದಿಲ್ಲ. ಭವಿಷ್ಯದ ಕಥೆಗಳಲ್ಲಿ ಗುಳಿಗೆಯ ಊಟ ಬಂತು, ಹೊಸ ಬೆಳೆ ಬರಲಿಲ್ಲ.

ಇಲ್ಲಿ ಬೀದರಿನ ನೀರಿನ ಸುರಂಗದ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕುವುದು ಕಷ್ಟ.

ಬೀದರು ನಿಂತಿರುವುದು ಜಂಬಿಟ್ಟಿಗೆಯ ಕೆಂಪು ಹಾಸಿನ ಮೇಲೆ. ಅದರ ಕೆಳಗೆ ದಖ್ಖನದ ಕರಿಕಲ್ಲು. ಜಂಬಿಟ್ಟಿಗೆ ಸ್ಪಂಜಿನಂತೆ ಮಳೆಯ ನೀರನ್ನು ಕುಡಿಯುತ್ತದೆ, ಕರಿಕಲ್ಲು ಅದನ್ನು ಕೆಳಕ್ಕೆ ಬಿಡುವುದಿಲ್ಲ. ಎರಡೂ ಕೂಡುವೆಡೆಯಲ್ಲಿ ನೀರು ನಿಧಾನವಾಗಿ ಒಸರುತ್ತ ಹರಿಯುತ್ತದೆ. ಇದನ್ನು ಅರಿತ ಬಹಮನಿ ಕಾಲದವರು ಪಾರಸಿಕ ದೇಶದ ‘ಕಾರೇಜ್’ ಅಥವಾ ‘ಕನಾತ್’ ಎಂಬ ವಿಧಾನವನ್ನು ಇಲ್ಲಿ ಹೂಡಿದರು. ನೀರಿನ ಮಟ್ಟವನ್ನು ಮುಟ್ಟುವವರೆಗೆ ಮೊದಲ ಬಾವಿಯನ್ನು ತೋಡುವುದು. ಅಲ್ಲಿಂದ ಬಹಳ ಸಣ್ಣ ಇಳಿಜಾರಿನಲ್ಲಿ ನೆಲದೊಳಗೆ ಸುರಂಗವನ್ನು ಕೊರೆಯುತ್ತ ಹೋಗುವುದು. ನಡುನಡುವೆ ಮಣ್ಣೆತ್ತುವುದಕ್ಕೂ ಗಾಳಿಯಾಡುವುದಕ್ಕೂ ನೆಟ್ಟನೆಯ ಬಾವಿಗಳನ್ನು ಇಳಿಸುವುದು. ಎತ್ತು ಬೇಡ, ಕಪಿಲೆ ಬೇಡ, ಎಣ್ಣೆ ಬೇಡ; ನೀರು ತನ್ನ ಭಾರದಿಂದ ತಾನೇ ಊರಿಗೆ ಬರುತ್ತದೆ. ಬಿಸಿಲಿಗೆ ಆರುವ ಭಯವೂ ಕಡಿಮೆ. ನೌಬಾದಿನ ಕಡೆಯ ಸುರಂಗ ಸುಮಾರು ಮೂರು ಕಿಲೋಮೀಟರ್ ಉದ್ದದ್ದು; ಇಪ್ಪತ್ತಕ್ಕೂ ಮೇಲ್ಪಟ್ಟ ಬಾವಿಗಳು ಅದರ ನೆತ್ತಿಯ ಮೇಲೆ ಸಾಲಾಗಿ ನಿಂತಿವೆ. ಸ್ಥಳೀಯರಿಗೆ ಅದು ಸುರಂಗಬಾವಿ.

ಇಳಿಜಾರು ತುಸು ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊರೆದೀತು. ಕಡಿಮೆಯಾದರೆ ನಿಂತು ಹೂಳು ಕಟ್ಟೀತು. ದುರ್ಬೀನು ಹೂಡಿದ ಅಳತೆಯ ಯಂತ್ರವಿಲ್ಲದ ಕಾಲದಲ್ಲಿ ಕತ್ತಲೊಳಗೆ ಈ ಅಳತೆಯನ್ನು ಕಾಯ್ದುಕೊಂಡವರ ಕೈಚಳಕ ಎಂಥದಿರಬೇಕು! ಕೋಟೆ ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿದೆ. ಸುರಂಗ ತೋಡಿದವನ ಹೆಸರನ್ನು ಯಾರೂ ಕಲ್ಲಿನ ಮೇಲೆ ಕೊರೆಯಲಿಲ್ಲ.

ಇನ್ನು ಒಂದು ಸೋಜಿಗ ಕೇಳಿ. ಹರ್ಬರ್ಟನ ‘ಡ್ಯೂನ್’ ಕಾದಂಬರಿಯ ಕಥೆ ಅದರದೇ ಶಕದ 10191ನೆಯ ವರ್ಷದಲ್ಲಿ ತೊಡಗುತ್ತದೆ. ನಮ್ಮ ಲೆಕ್ಕಕ್ಕೆ ಇಪ್ಪತ್ತು ಸಾವಿರ ವರ್ಷಗಳಾಚೆಯ ಮಾತು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಆ ಕಾಲದಲ್ಲಿ ಮರಳುಗಾಡಿನ ಗ್ರಹವೊಂದಕ್ಕೆ ನೀರು ಹರಿಸುವ ಕಾಲುವೆಗೆ ಗ್ರಂಥಕರ್ತನು ಇಟ್ಟ ಹೆಸರು ‘ಕನಾತ್’. ಬೀದರಿನ ಮಣ್ಣಿನಲ್ಲಿರುವ ಅದೇ ಪದ! ಆದರೆ ಪುಸ್ತಕದ ಕೊನೆಯಲ್ಲಿ ಕೊಟ್ಟಿರುವ ಪದಕೋಶದಲ್ಲಿ ಅದನ್ನು ‘ತೆರೆದ ಕಾಲುವೆ’ ಎಂದು ವಿವರಿಸಿದ್ದಾನೆ. ಬೆವರಿನ ಹನಿಯನ್ನೂ ಉಡುಪಿನಲ್ಲಿ ಹಿಡಿದಿಟ್ಟು ಮತ್ತೆ ಕುಡಿಯುವ ಜನರು ಕಾಲುವೆಯನ್ನು ಮಾತ್ರ ಬಿಸಿಲಿಗೆ ತೆರೆದಿಟ್ಟಾರೆ? ಇರಾನದಲ್ಲಿ ಸಾವಿರಾರು ವರ್ಷಗಳಿಂದ, ಬೀದರಿನಲ್ಲಿ ಆರು ಶತಮಾನದ ಸುಮಾರಿನಿಂದ ನೆಲದೊಳಗೇ ಇರುವ ವಸ್ತುವಿನ ಮುಚ್ಚಳವನ್ನು ಇಪ್ಪತ್ತು ಸಾವಿರ ವರ್ಷಗಳ ‘ಪ್ರಗತಿ’ ತೆಗೆದುಹಾಕಿತು! ಸಣ್ಣ ತಪ್ಪೇ, ಬಿಡಿ. ಆ ತಪ್ಪಿನ ಹಿಂದಿರುವ ಬುದ್ಧಿ ಮಾತ್ರ ಮೆಚ್ಚತಕ್ಕದ್ದು. ದೂರಕಾಲದಲ್ಲಿಯೂ ಮನುಷ್ಯನು ಹಳೆಯ ಉಪಾಯವನ್ನು ಕೈಬಿಡನು, ಅವಶ್ಯಕತೆ ಬಂದೆಡೆಯಲ್ಲಿ ಹಳೆಯದೇ ಮರಳಿ ಹೊಸದಾದೀತು ಎಂಬುದನ್ನು ಹರ್ಬರ್ಟ್ ಬಲ್ಲ. ಅವನ ಲೋಕದಲ್ಲಿ ಕತ್ತಿ ಬಂದದ್ದಕ್ಕೂ ಕಾರಣ ಕೊಟ್ಟಿದ್ದಾನೆ: ಮೈಯನ್ನು ಕಾಯುವ ಅದೃಶ್ಯ ಕವಚ ವೇಗದ ಗುಂಡನ್ನು ತಡೆಯುತ್ತದೆ, ನಿಧಾನದ ಅಲಗನ್ನು ತಡೆಯದು, ಆದ್ದರಿಂದ ಬಂದೂಕು ಹೋಗಿ ಕಠಾರಿ ಬಂತು. ನಂಬಿಸುವ ಕಥೆಗಾರನೆಂದರೆ ಹೀಗೆ. ಕಾರಣವಿಲ್ಲದೆ ಬೆಳಕಿನ ಕತ್ತಿ ಬೀಸುವವರನ್ನು ನೋಡಿ ಸಂತೋಷಪಡಬಹುದು, ನಂಬಬೇಕಾಗಿಲ್ಲ.

ಸುರಂಗಬಾವಿಯ ಉತ್ತರಾರ್ಧ ಇನ್ನೂ ಸ್ವಾರಸ್ಯವಾದದ್ದು. ಅದು ಒಂದು ದಿನ ಕುಸಿದದ್ದಲ್ಲ, ಶತ್ರು ಮುರಿದದ್ದಲ್ಲ. ಅರಸೊತ್ತಿಗೆ ಹೋಯಿತು, ಹೂಳೆತ್ತಿಸುವ ಹೊಣೆ ಯಾರದೆಂಬುದು ಮಸುಕಾಯಿತು. ಮುಂದೆ ನಲ್ಲಿ ಬಂತು, ಕೊಳವೆಬಾವಿ ಬಂತು. ನೆತ್ತಿಯ ಬಾವಿಗಳೊಳಗೆ ಊರ ಕಸ ಬಿತ್ತು. ಕೆಲವುದರ ಮೇಲೆ ರಸ್ತೆಯೂ ಮನೆಯೂ ಎದ್ದವು. ಕಳೆದ ದಶಕದಲ್ಲಿ ಭೂಗೋಳಶಾಸ್ತ್ರದವರು ಬಾವಿಬಾವಿಯನ್ನು ಹುಡುಕಿ ನಕ್ಷೆ ಬರೆದ ಮೇಲೆ ಹೂಳೆತ್ತುವ ಕೆಲಸ ನಡೆದು, ಜನ ಬಗ್ಗಿ ನೋಡುವಂತಾಯಿತು. ನೀರು ಒಳಗೆ ಹರಿಯುತ್ತಲೇ ಇತ್ತು.

ವಿದ್ಯೆ ಮರೆತುಹೋಗುವ ಈ ಸಂಗತಿಯನ್ನು ಕಥಾಲೋಕದವರು ಬಹಳವಾಗಿ ಬಳಸಿಕೊಂಡಿದ್ದಾರೆ. ಆಸಿಮೋವನ ಫೌಂಡೇಶನ್ನಿನಲ್ಲಿ ಸಾಮ್ರಾಜ್ಯ ಕುಸಿಯುತ್ತ ಬಂದಂತೆ ಪರಮಾಣು ಯಂತ್ರಗಳನ್ನು ನಡೆಸುವವರಿದ್ದಾರೆ, ದುರಸ್ತು ಮಾಡಬಲ್ಲವರಿಲ್ಲ. ಕಡೆಗೆ ವಿಜ್ಞಾನವೇ ಪೂಜಾರಿಗಳ ಮತವಾಗುತ್ತದೆ. ವಾರ್‌ಹ್ಯಾಮರಿನಲ್ಲಿ ಇದು ವಿಕಾರದ ಅಂಚನ್ನು ಮುಟ್ಟಿದೆ. ಅಲ್ಲಿ ನಲವತ್ತು ಸಾವಿರದ ಇಸವಿಯ ಯಂತ್ರಾರ್ಚಕರು ಮೊಳೆ ತಿರುಗಿಸುವುದಕ್ಕೂ ಮಂತ್ರ ಹೇಳಿ ಧೂಪ ಹಾಕುತ್ತಾರೆ. ನಗು ಬರುತ್ತದೆ, ಹೆದರಿಕೆಯೂ ಆಗುತ್ತದೆ. ಆದರೆ ಬೀದರಿನ ಅನುಭವ ಹೇಳುವ ಮರೆವು ಇದಲ್ಲ. ಇಲ್ಲಿ ಸುರಂಗಕ್ಕೆ ಯಾರೂ ಆರತಿ ಎತ್ತಲಿಲ್ಲ. ಪೂಜೆಗಾದರೂ ಗಮನ ಬೇಕು, ಗಮನವೇ ಇರಲಿಲ್ಲ. ಇನ್ನೊಂದು ಅನುಕೂಲ ಬಂದಾಗ ಮೊದಲಿನದರ ಮೇಲೆ ಕಸ ಚೆಲ್ಲಿ ಮುಂದೆ ನಡೆದೆವು, ಅಷ್ಟೆ. ಅನುಕೂಲದಿಂದಾಗುವ ಮರೆವನ್ನು ಚಿತ್ರಿಸಿದ ಕಥಾಲೋಕ ಕಡಿಮೆ. ಯುದ್ಧ, ಪ್ರಳಯಗಳಿಂದಾಗುವ ಮರೆವೇ ಅವರಿಗೆ ಇಷ್ಟ. ಆಸಿಮೋವನ ವಿಷಯಕ್ಕೆ ಇನ್ನೊಂದು ಮಾತು: ಹನ್ನೆರಡು ಸಾವಿರ ವರ್ಷ ಬಾಳಿದ ಸಾಮ್ರಾಜ್ಯದ ಕಥೆ ಅದು, ಆದರೂ ಅದರ ಮೊದಲ ಭಾಗದಲ್ಲಿ ಗಂಡಸರು ಚುಟ್ಟಾ ಸೇದುತ್ತ ಮಂತ್ರಾಲೋಚನೆ ಮಾಡುತ್ತಾರೆ, ಹೆಂಗಸರು ಕಾಣಿಸಿಕೊಳ್ಳುವುದೇ ಇಲ್ಲವೆನ್ನಬೇಕು. ಕಥೆಗಾರ ಆಕಾಶಗಂಗೆಗೆ ಹೋದರೂ 1940ರ ನ್ಯೂಯಾರ್ಕು ಜೇಬಿನಲ್ಲಿಯೇ ಇತ್ತು.

ಮರೆಯದೆ ಉಳಿದದ್ದರ ಕಡೆಗೂ ನೋಡಬೇಕು. ಸ್ಟಾರ್ ವಾರ್ಸಿನ ಮುದುಕ ಯೋಧನೊಬ್ಬನು ತನ್ನ ಪಂಥದವರು ಸಾವಿರ ತಲೆಮಾರಿನಿಂದ ಗಣರಾಜ್ಯವನ್ನು ಕಾಯ್ದವರೆಂದು ಹೇಳುತ್ತಾನೆ. ತಲೆಮಾರಿಗೆ ಇಪ್ಪತ್ತೈದು ವರ್ಷವೆಂದರೂ ಇಪ್ಪತ್ತೈದು ಸಾವಿರ ವರ್ಷ! ಅಷ್ಟು ವರ್ಷ ಹಿಂದಕ್ಕೆ ಹೋದರೆ ನಮ್ಮ ಪೂರ್ವಿಕರು ಹಿಮಯುಗದಲ್ಲಿ ಕಲ್ಲಿನ ಚೂರನ್ನು ಹದಮಾಡುತ್ತಿದ್ದರು, ಬೇಸಾಯ ಇರಲಿಲ್ಲ. ಆ ಚಿತ್ರಮಾಲೆಯಲ್ಲಿಯೋ ಅಷ್ಟು ಕಾಲದಲ್ಲಿ ಕತ್ತಿ ಅದೇ, ನೌಕೆ ಹೆಚ್ಚುಕಡಿಮೆ ಅದೇ. (ಕಥೆ ನಡೆದದ್ದು ಬಹಳ ಹಿಂದೆ ಎಂದು ಚಿತ್ರದ ಮೊದಲಲ್ಲಿಯೇ ಬರೆದಿದ್ದಾರೆ, ಆದರೂ ನೋಡುವವರೆಲ್ಲ ಅದನ್ನು ಭವಿಷ್ಯವೆಂದೇ ನೋಡುತ್ತಾರೆ.) ಇಂಥ ನಿಶ್ಚಲತೆ ಸಾಧ್ಯವೆ?

ಸಾಧ್ಯ ಎನ್ನುವುದಕ್ಕೆ ಬೀದರಿನ ಬಿದ್ರಿ ಕೆಲಸವೇ ಸಾಕ್ಷಿಯಾದೀತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಮೇಲೆ ಉಳಿಯಿಂದ ಗೀರಿ, ಆ ಗೀರಿನಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೊನೆಗೆ ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಉಜ್ಜಿದರೆ ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಶತಮಾನಗಳಿಂದ ಕ್ರಮ ಇದೇ. 2006ರಲ್ಲಿ ಭೌಗೋಳಿಕ ಗುರುತಿನ ಕಾನೂನಿನ ರಕ್ಷಣೆಯೂ ದೊರೆಯಿತು. ಅದರ ಮೂಲವಸ್ತುವಾದ ಸತು ಸಾಮಾನ್ಯವಾದದ್ದಲ್ಲ. ಅದುರನ್ನು ಕಾಯಿಸಿದರೆ ಸತು ಆವಿಯಾಗಿ ಓಡಿಹೋಗುತ್ತದೆ. ಆ ಆವಿಯನ್ನು ಹಿಡಿದು ತಣಿಸಬೇಕು. ರಾಜಸ್ಥಾನದ ಜಾವರದ ಜನ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದಾಗ ಯೂರೋಪಿಗೆ ಆ ಗುಟ್ಟು ತಿಳಿದಿರಲಿಲ್ಲ. ಇಂಗ್ಲೆಂಡಿನ ಚಾಂಪಿಯನ್ ಎಂಬವನು ತನ್ನ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1738ರಲ್ಲಿ. ಆದ್ದರಿಂದ ಅಂದಕ್ಕಾಗಿ ಬದುಕುವ ಕಸುಬು ಸಾವಿರ ವರ್ಷ ಬದಲಾಗದಿದ್ದರೂ ನಂಬಬಹುದು. ಬದಲಾಗದೆ ಉಳಿಯಲಾರದ್ದು ಯುದ್ಧದ ಸಾಧನ. ಇದೇ ಬೀದರಿನಲ್ಲಿ ಬಂಡೆ ಕಡಿದು ಮೂರು ಸುತ್ತಿನ ಕಂದಕ ಮಾಡಿದರು. ತೋಪು ಬಂದೊಡನೆ ಬುರುಜುಗಳ ರೂಪ ಬದಲಾಯಿತು. ಈಗ ಅದೇ ಆಕಾಶದಲ್ಲಿ ಜೆಟ್ಟು. ಕಥಾಲೋಕದವರು ತಿರುವುಮುರುವು ಮಾಡಿ, ಕತ್ತಿಯನ್ನು ಇಪ್ಪತ್ತೈದು ಸಾವಿರ ವರ್ಷ ನಿಲ್ಲಿಸಿ, ಊಟದ ಬಟ್ಟಲನ್ನು ಬದಲಿಸಿದ್ದಾರೆ.

ಊಟದ ಬಟ್ಟಲೆಂದ ಮೇಲೆ ಸ್ಟಾರ್ ಟ್ರೆಕ್ಕಿನ ಮಾತು ಬಂದೇ ಬರುತ್ತದೆ. 1987ರಲ್ಲಿ ತೊಡಗಿದ ಅದರ ಎರಡನೆಯ ಸುತ್ತಿನ ಮಾಲೆ ಇಪ್ಪತ್ತನಾಲ್ಕನೆಯ ಶತಮಾನದ್ದು. ಅಲ್ಲಿ ಗೋಡೆಯ ಗೂಡಿನ ಮುಂದೆ ನಿಂತು ಚಹಾ ಎಂದರೆ ಚಹಾ, ಅಂಗಿ ಎಂದರೆ ಅಂಗಿ. ಹಣದ ಚಿಂತೆ ಇಲ್ಲ. ಕನ್ನಡಿಗರಿಗೆ ಇದು ಹೊಸದೆ? 941ರಲ್ಲಿ ಆದಿಪುರಾಣವನ್ನು ಬರೆದ ಪಂಪ ಇದ್ದ ವೇಮುಲವಾಡ ಬೀದರಿನ ಮೂಡಲಿಗೆ, ಇಂದಿನ ತೆಲಂಗಾಣದಲ್ಲಿದೆ. ಜೈನಪುರಾಣಗಳು ಹೇಳುವ ಭೋಗಭೂಮಿಯಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು: ಊಟ ಕೊಡುವ ಮರ, ಉಡುಗೆ ಕೊಡುವ ಮರ, ಪಾತ್ರೆ ಕೊಡುವ ಮರ, ದೀಪದಂತೆ ಉರಿಯುವ ಮರ, ಮನೆಯೇ ಆಗುವ ಮರ. ಅಮೆರಿಕದವರು ಕಲ್ಪವೃಕ್ಷವನ್ನು ಕಡಿದು ಗೋಡೆಯ ಕಪಾಟು ಮಾಡಿಕೊಂಡರು. ಆದರೆ ಪುರಾಣಕಾರರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಕಾಲ ಇಳಿದಂತೆ ಮರಗಳು ಫಲ ಕೊಡದಾದವು, ಜನ ಹಸಿದರು, ಆಗ ಆದಿದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಕಲಿಸಿದ ಎಂಬುದು ಅವರ ಕಥೆ. ಅಂದರೆ ಬೇಡಿದ್ದು ಸಿಕ್ಕುವ ಕಾಲ ಮುಗಿದ ಮೇಲೆಯೇ ಕಸುಬಿನ ಚರಿತ್ರೆ ತೊಡಗುತ್ತದೆ. ಬೇಡಿದ್ದೆಲ್ಲ ಸಿಕ್ಕುವ ಲೋಕದಲ್ಲಿ ಯಂತ್ರಶಿಲ್ಪಿಗಳು ಹಗಲಿರುಳು ದುಡಿಯುವುದೇಕೆಂಬ ಪ್ರಶ್ನೆಗೆ ಸ್ಟಾರ್ ಟ್ರೆಕ್ ಕೊಡುವ ಉತ್ತರ ಬರಿಯ ಉದಾತ್ತ ಭಾಷಣ.

ಅದೇ ಜೈನರ ಕಾಲಚಕ್ರದಲ್ಲಿ ಮುಂದಿನದರ ಚಿತ್ರವೂ ಇದೆ. ಕಮಠಾಣದ ಬಸದಿಗೆ ಕೈಮುಗಿದು ಬಂದ ಎಷ್ಟೋ ತಲೆಮಾರುಗಳು ನಂಬಿದ ದೂರಕಾಲ ಏರುವುದಲ್ಲ, ಇಳಿಯುವುದು. ಇಪ್ಪತ್ತೊಂದು ಸಾವಿರ ವರ್ಷಗಳ ಐದನೆಯ ಕಾಲ ಮುಗಿದು, ಅಷ್ಟೇ ಉದ್ದದ ಆರನೆಯದು ಬಂದು, ಅದರ ಕೊನೆಗೆ ಮನುಷ್ಯ ಮೊಳದುದ್ದವಾಗಿ, ಬೇಸಾಯ ಮರೆತು ಗುಹೆಗಳಲ್ಲಿ ಅಡಗುವನು. ಆಮೇಲೆ ಮತ್ತೆ ಏರುಗಾಲ. ಎಚ್. ಜಿ. ವೆಲ್ಸ್ 1895ರಲ್ಲಿ ‘ಕಾಲಯಂತ್ರ’ದ ಕಥೆ ಬರೆದು 802701ನೆಯ ಇಸವಿಗೆ ಹೋದಾಗ ಅಲ್ಲಿಯೂ ಕುಗ್ಗಿದ ಮನುಷ್ಯರೇ ಕಂಡರು, ಮೇಲೆ ಆಡಿಕೊಂಡಿರುವವರು ಒಂದು ಜಾತಿ, ಸಾಲುಬಾವಿಗಳ ಕೆಳಗೆ ಕತ್ತಲಲ್ಲಿ ಯಂತ್ರ ನಡೆಸುವವರು ಇನ್ನೊಂದು ಜಾತಿ. ವರ್ಗಭೇದ ಹೀಗೆ ಲಕ್ಷಾಂತರ ವರ್ಷ ಉಳಿದೀತೆ ಎಂದು ಕೇಳುವವರು 1470ರ ಸುಮಾರಿಗೆ ಬೀದರಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನನ ಬರಹವನ್ನು ನೋಡಬಹುದು. ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ವೈಭವದಿಂದ ಹೋಗುವುದನ್ನೂ ಹಳ್ಳಿಗಾಡಿನ ಜನ ದೈನ್ಯದಲ್ಲಿರುವುದನ್ನೂ ಅವನು ಒಂದೇ ಉಸಿರಿನಲ್ಲಿ ದಾಖಲೆ ಮಾಡಿದ್ದಾನೆ. ಕಾರೇಜಿನಂಥ ವಿದ್ಯೆ, ಗವಾನನಂಥ ಮಂತ್ರಿ ಇದ್ದ ಕಾಲವೇ ಅದು. ಹೊಸ ವಿದ್ಯೆ ಬಂದ ಮಾತ್ರಕ್ಕೆ ಅದು ಎಲ್ಲರ ಅಂಗಳಕ್ಕೂ ಬಂತೆಂದು ಅರ್ಥವಲ್ಲ.

ನಂಬಿಕೆಗೆ ತಕ್ಕದ್ದೇ ಎಂಬ ಪರೀಕ್ಷೆಯನ್ನು ಕರ್ನಾಟಕದಲ್ಲಿ ಒಮ್ಮೆ ಕಟ್ಟುನಿಟ್ಟಾಗಿ ನಡೆಸಿದ್ದೂ ಉಂಟು. ಅಲ್ಲಿ ಕಾಲದ ದಿಕ್ಕು ಮಾತ್ರ ಹಿಂದುಮುಂದು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಭರದ್ವಾಜ ಮಹರ್ಷಿಯದೆಂದು ಜನ ನಂಬಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು 1974ರಲ್ಲಿ ಅದರ ಭಾಷೆಯನ್ನೂ ನಕ್ಷೆಗಳನ್ನೂ ತೂಗಿ ನೋಡಿ, ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವು ಎಂದು ತೀರ್ಮಾನಿಸಿದರು. ನಮ್ಮ ಪ್ರಶ್ನೆಗೆ ಇದರಿಂದ ದೊರೆಯುವ ಬೆಳಕು ಬೇರೆ. ವಿಮಾನ ಕಣ್ಣಿಗೆ ಬಿದ್ದ ಕಾಲದಲ್ಲಿ ಹೇಳಿಸಿದ ಪುಸ್ತಕದಲ್ಲಿ ವಿಮಾನಗಳಿವೆ; ಆಗ ಇನ್ನೂ ಬಾರದಿದ್ದ ಕಂಪ್ಯೂಟರು ಇಲ್ಲ. ಹಿಂದಕ್ಕೆ ಕಟ್ಟಿದ ಕಲ್ಪನೆಯಾಗಲಿ ಮುಂದಕ್ಕೆ ಕಟ್ಟಿದ ಕಲ್ಪನೆಯಾಗಲಿ ಬರೆದವನ ಇಸವಿಯನ್ನು ಬಿಟ್ಟುಕೊಡದೆ ಇರದು. ಸ್ಟಾರ್ ಟ್ರೆಕ್ಕಿನಲ್ಲಿ ಮನುಷ್ಯರನ್ನು ಕ್ಷಣದಲ್ಲಿ ಗ್ರಹದ ಮೇಲಿಳಿಸುವ ಯಂತ್ರವೂ ಹಾಗೆಯೇ ಹುಟ್ಟಿತು: ವಾರವಾರವೂ ನೌಕೆ ಇಳಿಯುವುದನ್ನು ಚಿತ್ರಿಸುವಷ್ಟು ದುಡ್ಡು ನಿರ್ಮಾಪಕರ ಬಳಿ ಇರಲಿಲ್ಲ. ಇಪ್ಪತ್ತಮೂರನೆಯ ಶತಮಾನದ ಅದ್ಭುತಕ್ಕೆ ಇಪ್ಪತ್ತನೆಯ ಶತಮಾನದ ಜಮಾಖರ್ಚೇ ತಾಯಿ.

ಪ್ರಗತಿಯ ನಡಿಗೆ ಎಷ್ಟು ಕುಂಟು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ಮನುಷ್ಯ 1972ರ ಡಿಸೆಂಬರಿನಲ್ಲಿ ಅಲ್ಲಿಂದ ಹೊರಟವನು ಅರ್ಧ ಶತಮಾನ ಕಳೆದರೂ ಆ ನೆಲವನ್ನು ಮತ್ತೆ ಮೆಟ್ಟಲಿಲ್ಲ. ಶಬ್ದಕ್ಕಿಂತ ವೇಗವಾಗಿ ಪ್ರಯಾಣಿಕರನ್ನು ಒಯ್ಯುತ್ತಿದ್ದ ಕಾಂಕಾರ್ಡ್ ವಿಮಾನ 1976ರಲ್ಲಿ ಬಂದು 2003ರಲ್ಲಿ ಹೋಯಿತು. ಬೀದರಿನಿಂದ ಕಲಬುರ್ಗಿಗೆ ಇರುವ ಸುಮಾರು 110 ಕಿಲೋಮೀಟರಿನ ರೈಲುದಾರಿ ಮಂಜೂರಾದದ್ದು 1990ರ ದಶಕದಲ್ಲಿ, ಗಾಡಿ ಓಡಿದ್ದು 2017ರ ಅಕ್ಟೋಬರಿನಲ್ಲಿ. ಅಹಮದ ಶಾಹನ ರಾಜಧಾನಿ ಎತ್ತಿನ ಗಾಡಿಯಲ್ಲಿ ಇಷ್ಟೇ ದಾರಿಯನ್ನು ಕ್ರಮಿಸಿತ್ತು. ಎಪ್ಪತ್ತೆರಡರ ಇಸವಿಗೆ ಈ ಸೀಮೆಯ ಹಿರಿಯರ ಬಾಯಲ್ಲಿ ಚಂದ್ರನ ನೆನಪಿಲ್ಲ. ಅದು ದಖ್ಖನದ ಬರದ ವರ್ಷ, ಕೆರೆ ಬತ್ತಿದ ವರ್ಷ, ಕೂಲಿಗಾಗಿ ಜಲ್ಲಿ ಒಡೆದ ವರ್ಷ. ಮನುಷ್ಯ ಚಂದ್ರನ ಧೂಳನ್ನು ಪೆಟ್ಟಿಗೆಯಲ್ಲಿ ತುಂಬಿ ತಂದದ್ದೂ ನೆಲದ ಮೇಲೆ ನೀರಿಗಾಗಿ ಮೈಲಿಗಟ್ಟಲೆ ನಡೆದದ್ದೂ ಒಂದೇ ವರ್ಷದಲ್ಲಿ. ಹೀಗೆ ಬರೆದರೆ ಕಥೆಯಲ್ಲಿ ಅತಿಶಯೋಕ್ತಿ ಎಂದಾರು.

ಈ ಎಲ್ಲ ಲೋಕಗಳಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಹೆಚ್ಚು ಒಪ್ಪಿಗೆಯಾಗುವುದು ಡ್ಯೂನಿನ ಒಂದು ಸಣ್ಣ ಎಳೆ. ಅಲ್ಲಿನ ಗ್ರಹವಿಜ್ಞಾನಿಯೊಬ್ಬನು ಮರಳುಗಾಡನ್ನು ಹಸುರು ಮಾಡುವುದಕ್ಕೆ ಮುನ್ನೂರರಿಂದ ಐನೂರು ವರ್ಷ ಬೇಕೆಂದು ಲೆಕ್ಕ ಹೇಳುತ್ತಾನೆ. ಕೇಳಿದ ಬಡಜನರು ಬೇಸರಪಡದೆ, ಗಾಳಿಯ ತೇವವನ್ನು ಹಿಡಿದು, ನೆಲದೊಳಗಿನ ಕೊಳಗಳಲ್ಲಿ ಕೊಡಕೊಡವಾಗಿ ಕೂಡಿಡುತ್ತ ಬರುತ್ತಾರೆ. ಬಾಯಾರಿದರೂ ಆ ನೀರನ್ನು ಮುಟ್ಟರು. ಅಲ್ಲಿ ಯಂತ್ರ ಸಣ್ಣದು, ಕಟ್ಟುಪಾಡು ದೊಡ್ಡದು. ನಮ್ಮ ಕೆರೆಗಳೂ ನಡೆದದ್ದು ಹೀಗೆಯೇ. ಕೆರೆ ಕಟ್ಟಿಸಿದವನಿಗೆ ಪುಣ್ಯ ಹೇಳುವ ನಮ್ಮ ಶಾಸನಗಳು ಎಷ್ಟೋ ಕಡೆ ಹೂಳೆತ್ತುವ ಬಂಡಿಗೂ ಅದರ ಎತ್ತಿನ ಮೇವಿಗೂ ಭೂಮಿ ಬಿಟ್ಟದ್ದನ್ನು ಹೇಳುತ್ತವೆ. ‘ಕೆರೆಗೊಡಗೆ’ ಎಂದು ಅದಕ್ಕೆ ಹೆಸರು. ಮುಂದಿನ ನೂರು ವರ್ಷದ ದುರಸ್ತಿಯ ಖರ್ಚನ್ನು ಕಟ್ಟುವ ದಿನವೇ ಬರೆದಿಟ್ಟ ಜನ ದೂರಕಾಲವನ್ನು ಊಹಿಸಬಲ್ಲವರಾಗಿದ್ದರು. ಗ್ರಹಗಳನ್ನು ಗೆಲ್ಲುವ ಕಥಾಲೋಕಗಳ ನೌಕೆಗಳಿಗೆ ಇಂಥ ಉಂಬಳಿಯನ್ನು ಯಾರು ಬಿಟ್ಟಿದ್ದಾರೆಂದು ಹುಡುಕಿದರೆ ಸಿಕ್ಕುವುದು ವಿರಳ.

ನೌಬಾದಿನ ಸುರಂಗದ ಹೂಳನ್ನು ತೆಗೆದದ್ದೂ ಕೊನೆಗೆ ಮನುಷ್ಯರ ಕೈಗಳೇ. ಕಿರಿದಾದ ದಾರಿ, ಬಗ್ಗಿ ನಡೆಯಬೇಕು, ಬುಟ್ಟಿ ತುಂಬಬೇಕು, ಬಾವಿಯ ಬಾಯಿಗೆ ತಂದು ಮೇಲಕ್ಕೆ ಎಳೆಯಬೇಕು. ತೋಡಿದವರು ಮಣ್ಣನ್ನು ಮೇಲಕ್ಕೆ ಕಳಿಸಿದ್ದೂ ಅದೇ ಬಾವಿಗಳ ಮೂಲಕ. ಪ್ರತಿ ಮಳೆಗಾಲದಲ್ಲಿಯೂ ಅಷ್ಟಿಷ್ಟು ಕೆಂಪು ಮಣ್ಣು ಮತ್ತೆ ಒಳಗೆ ಇಳಿಯುತ್ತದೆ.